ನಿಮಗಿದು ಗೊತ್ತೇ? ಪೇಟೆಂಟ್ ಹಿಡಿದವರು, ಬಿಟ್ಟವರು

● ಎಕ್ಸ್‌ರೇ ಕಂಡುಹಿಡಿದ ರಾಂಟ್‌ಜೆನ್ ಅದಕ್ಕೆ ಪೇಟೆಂಟೇ ತೆಗೆದುಕೊಳ್ಳಲಿಲ್ಲ. 1895ರಲ್ಲಿ ಹೆಂಡತಿಯ ಕೈಯ ಮೂಳೆ, ಬೆರಳಿನ ಉಂಗುರ ಎರಡನ್ನೂ ಚಿತ್ರದಲ್ಲಿ ಮೂಡಿಸಿದ ಮೇಷ್ಟ್ರು, ಇದು ಎಲ್ಲರದೂ ಎಂದು ಬಿಟ್ಟುಕೊಟ್ಟರು.

● ಎಂಆರ್‌ಐ ಕಥೆ ಇದಕ್ಕೆ ತೀರಾ ಉಲ್ಟಾ. ಅಮೆರಿಕದ ವೈದ್ಯ ರೇಮಂಡ್ ಡಮೇಡಿಯನ್, ಅಂಗಾಂಶದಲ್ಲಿ ಕ್ಯಾನ್ಸರ್ ಪತ್ತೆಹಚ್ಚುವ ಯಂತ್ರಕ್ಕೆ 1972ರಲ್ಲೇ ಅರ್ಜಿ ಹಾಕಿ 1974ರಲ್ಲಿ ಪೇಟೆಂಟ್ ಪಡೆದರು. ಯಂತ್ರ ಸಿದ್ಧವಾದಾಗ ಮೊದಲು ತಾವೇ ಒಳಗೆ ಕೂತರು. ಚಿತ್ರ ಬರಲಿಲ್ಲ. ಆಸಾಮಿ ದಪ್ಪಗಿದ್ದರು! 1977ರ ಜುಲೈ 3ರಂದು ತೆಳ್ಳಗಿದ್ದ ಶಿಷ್ಯನನ್ನು ಕೂರಿಸಿದರು. ಸುಮಾರು ಐದು ಗಂಟೆ ಅಲುಗಾಡದೆ ಕೂತ ಮೇಲೆ ಎದೆಯ ಒಂದೇ ಒಂದು ಮಸುಕು ಚಿತ್ರ ಸಿಕ್ಕಿತು. ಮುಂದೆ ಪೇಟೆಂಟ್ ಉಲ್ಲಂಘನೆಗೆಂದು ಜನರಲ್ ಎಲೆಕ್ಟ್ರಿಕ್ ಮೇಲೆ ಅವರ ಕಂಪನಿ ದಾವೆ ಹೂಡಿತು. 1997ರಲ್ಲಿ ಕೋರ್ಟ್ ಕೊಡಿಸಿದ ಪರಿಹಾರ ಸುಮಾರು 12.87 ಕೋಟಿ ಡಾಲರ್. ಆದರೆ 2003ರ ನೊಬೆಲ್ ಹೋದದ್ದು ಇದೇ ತಂತ್ರದ ಮೇಲೆ ದುಡಿದಿದ್ದ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್‌ಗೆ. ಸಿಟ್ಟಾದ ಡಮೇಡಿಯನ್ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು ಪ್ರತಿಭಟಿಸಿದರು. ಈ ತಂತ್ರವನ್ನು ಚಿತ್ರ ತೆಗೆಯುವಂತೆ ಪಳಗಿಸಿದವರು ಲಾಟರ್‌ಬರ್ ಎಂಬುದೂ ನಿಜ; ಆದರೂ ಅವರ ಪಕ್ಕ ಇನ್ನೊಂದು ಕುರ್ಚಿ ಹಾಕಬಹುದಿತ್ತು ಅನ್ನಿಸುತ್ತದೆ. ಒಂದು ವಿಭಾಗದ ನೊಬೆಲನ್ನು ಮೂವರಿಗೆ ಹಂಚಲು ಅವಕಾಶವಿದೆಯಲ್ಲ!

● ಬೀಟಲ್ಸ್ ಹಾಡು ಮಾರಿದ ದುಡ್ಡಿನಿಂದಲೇ ಸಿ.ಟಿ. ಸ್ಕ್ಯಾನ್ ಹುಟ್ಟಿತು ಎನ್ನುವ ಮಾತು ಪೂರ್ತಿ ಸರಿಯಲ್ಲ. ಎರಡೂ ಇಎಂಐ ಕಂಪನಿಯವೇ ಹೌದು, ಆದರೆ ಬ್ರಿಟಿಷ್ ಸರ್ಕಾರದ ಆರೋಗ್ಯ ಇಲಾಖೆಯೂ ಹಣ ಹಾಕಿತ್ತು. ಈ ಸ್ಕ್ಯಾನ್ ರೂಪಿಸಿದ ಎಂಜಿನಿಯರ್ ಹೌನ್ಸ್‌ಫೀಲ್ಡ್ ಅವರ ಮೊದಲ ಪ್ರಯೋಗ ಯಂತ್ರಕ್ಕೆ ಒಂದು ಸ್ಕ್ಯಾನ್ ಮುಗಿಸಲು ಒಂಬತ್ತು ದಿನ ಬೇಕಾಗಿತ್ತು.

● ಇಂದು ಮೂಳೆ, ಹೃದಯದ ನ್ಯೂಕ್ಲಿಯರ್ ಸ್ಕ್ಯಾನ್‌ಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ವಿಕಿರಣ ವಸ್ತು ಟೆಕ್ನೀಷಿಯಂ-99ಎಂ. ಆರೇ ಗಂಟೆಯಲ್ಲಿ ಅರ್ಧ ಕರಗಿಹೋಗುವ ಇದನ್ನು ಆಸ್ಪತ್ರೆಯಲ್ಲೇ ಬೇಕೆಂದಾಗ ಕರೆದುಕೊಳ್ಳಲು ಒಂದು ಸಾಧನವಿದೆ. ಅದನ್ನು ಕರೆಯುವುದೇ ‘ಹಸು’ ಎಂದು! ಹಸುವನ್ನು ಕಟ್ಟಿದ್ದು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯ. 1958ರಲ್ಲಿ ಪೇಟೆಂಟ್ ಮಾತು ಬಂದಾಗ, ಇದಕ್ಕೆ ಅಂಥ ಮಾರುಕಟ್ಟೆ ಕಾಣುತ್ತಿಲ್ಲ ಎಂಬ ಉತ್ತರ ಬಂತು.

● ಮೊಬೈಲ್ ಬ್ಯಾಟರಿಗೂ ಇಂಥದೇ ಹಣೆಬರಹ. ಅದರ ಧನಧ್ರುವಕ್ಕೆ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಹೊಂದುತ್ತದೆಂದು ಜಾನ್ ಗುಡೆನಫ್ ತಂಡ 1980ರಲ್ಲಿ ತೋರಿಸಿದ್ದು ಆಕ್ಸ್‌ಫರ್ಡ್‌ನಲ್ಲಿ. ಹಿತ್ತಲ ಗಿಡ ಮದ್ದಲ್ಲವಲ್ಲ, ಪೇಟೆಂಟ್ ಖರ್ಚು ಹೊರಲು ವಿಶ್ವವಿದ್ಯಾಲಯ ಒಪ್ಪಲಿಲ್ಲ. ಹಕ್ಕು ನಮಗೆ ಬಿಟ್ಟುಕೊಟ್ಟರೆ ಖರ್ಚು ನಮ್ಮದು ಎಂದಿತು ಹಾರ್ವೆಲ್‌ನ ಪರಮಾಣು ಸಂಶೋಧನಾ ಕೇಂದ್ರ. ಗುಡೆನಫ್ ಸಹಿ ಹಾಕಿದರು. 1991ರಲ್ಲಿ ಸೋನಿ ಬ್ಯಾಟರಿ ಮಾರತೊಡಗಿದಾಗ ಅವರ ಕೈಗೆ ಬಂದ ರಾಯಧನ ಸೊನ್ನೆ. 2019ರಲ್ಲಿ ನೊಬೆಲ್ ಬಂದಾಗ ವಯಸ್ಸು 97. ಅಷ್ಟು ಇಳಿವಯಸ್ಸಿನಲ್ಲಿ ಅದನ್ನು ಪಡೆದವರು ಬೇರೆ ಯಾರೂ ಇಲ್ಲ. ಅವರ ಪರವಾಗಿ ಸ್ಟಾಕ್‌ಹೋಮ್‌ನಲ್ಲಿ ನೊಬೆಲ್ ಉಪನ್ಯಾಸ ಕೊಟ್ಟವರು ತಮಿಳುನಾಡಿನಲ್ಲಿ ಹುಟ್ಟಿದ ಅರುಮುಗಂ ಮಂಥಿರಾಮ್.

● ಅದೇ ನೊಬೆಲನ್ನು ಹಂಚಿಕೊಂಡ ಜಪಾನಿನ ಅಕಿರಾ ಯೋಶಿನೊ, 1986ರಲ್ಲಿ ತಮ್ಮ ಬ್ಯಾಟರಿಯ ಮೇಲೆ ಕಬ್ಬಿಣದ ತುಂಡು ಬೀಳಿಸಿ ಪರೀಕ್ಷಿಸಿದರು. ಹೋಲಿಕೆಗೆಂದು ಇದೇ ಪರೀಕ್ಷೆಗೊಡ್ಡಿದ ಶುದ್ಧ ಲಿಥಿಯಂ ಲೋಹದ ಬ್ಯಾಟರಿ ಹೊತ್ತಿ ಉರಿಯಿತು. ಇವರದು ಜಜ್ಜಿಹೋಯಿತು, ಬೆಂಕಿ ಹತ್ತಲಿಲ್ಲ.