ಹೆಸರಿನಲ್ಲೇ ಇರುವ ಲೆಕ್ಕ

ಪಾದರಸ ಮತ್ತು ಕ್ಲೋರಿನ್ ಸೇರಿ ಎರಡು ಬೇರೆ ಬೇರೆ ಬಿಳಿ ಪದಾರ್ಥಗಳಾಗುತ್ತವೆ. ಒಂದು ಕ್ಯಾಲೊಮೆಲ್. ನೀರಿನಲ್ಲಿ ಹೆಚ್ಚುಕಡಿಮೆ ಕರಗದ ಇದನ್ನು 19ನೇ ಶತಮಾನದ ವೈದ್ಯರು ಭೇದಿ ಔಷಧಿಯಾಗಿ ಕೊಡುತ್ತಿದ್ದರು. ಇನ್ನೊಂದು ಸಲೀಸಾಗಿ ಕರಗುತ್ತದೆ, ಮೂತ್ರಪಿಂಡವನ್ನು ಕೆಡಿಸಿ ಕೊಲ್ಲುತ್ತದೆ. ಮೊದಲನೆಯದರಲ್ಲಿ ಒಂದು ಪಾದರಸ ಪರಮಾಣುವಿಗೆ ಒಂದು ಕ್ಲೋರಿನ್, ಎರಡನೆಯದರಲ್ಲಿ ಎರಡು. ಚೀಟಿಯಲ್ಲಿ ಬರೀ 'ಪಾದರಸದ ಕ್ಲೋರೈಡ್' ಎಂದಿದ್ದರೆ ರೋಗಿಯ ಪಾಡೇನು?

ಮೈಲುತುತ್ತ, ಅನ್ನಭೇದಿ, ನವಸಾಗರ ಎಂದು ನಮ್ಮಲ್ಲಿದ್ದಂತೆ ಯುರೋಪಿನಲ್ಲೂ ಒಂದೊಂದು ವಸ್ತುವಿಗೆ ಒಂದೊಂದು ರೂಢಿಯ ಹೆಸರಿತ್ತು. ಒಳಗೇನಿದೆ ಎಂಬುದನ್ನು ಅವು ಹೇಳುತ್ತಿರಲಿಲ್ಲ. 1787ರಲ್ಲಿ ಪ್ಯಾರಿಸ್ಸಿನಲ್ಲಿ ಗೀಟನ್ ದ ಮೊರ್ವೊ, ಲವಾಸಿಯೆ, ಬರ್ತೊಲೆ ಮತ್ತು ಫೋರ್‌ಕ್ರ್ವಾ ಸೇರಿ, ಸಂಯುಕ್ತದಲ್ಲಿ ಇರುವ ಧಾತುಗಳಿಂದಲೇ ಅದಕ್ಕೆ ಹೆಸರು ಕಟ್ಟುವ ಪದ್ಧತಿಯನ್ನು ಪ್ರಕಟಿಸಿದರು. ರಸಾಯನಶಾಸ್ತ್ರಕ್ಕೆ ಸಿಕ್ಕ ಅತಿ ದೊಡ್ಡ ಉಪಕರಣಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ.

ಅಲೋಹಕ್ಕೆ ಅಲೋಹ ಸೇರಿದಾಗ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುತ್ತವೆ. ಇದು ಸಹವೇಲೆನ್ಸಿ ಬಂಧ. ಒಂದೇ ಜೋಡಿ ಧಾತು ಹಲವು ಪ್ರಮಾಣಗಳಲ್ಲಿ ಕೂಡಬಲ್ಲದು, ಹಾಗಾಗಿ ಹೆಸರಿನಲ್ಲಿ ಎಣಿಕೆ ಇರಲೇಬೇಕು: ಮೊನೊ (ಒಂದು), ಡೈ (ಎರಡು), ಟ್ರೈ (ಮೂರು), ಟೆಟ್ರಾ (ನಾಲ್ಕು). ನೈಟ್ರೋಜನ್ ಮತ್ತು ಆಕ್ಸಿಜನ್ನನ್ನೇ ನೋಡಿ. ಡೈನೈಟ್ರೋಜನ್ ಮೊನಾಕ್ಸೈಡ್ ಶಸ್ತ್ರಚಿಕಿತ್ಸೆಯಲ್ಲಿ ನೋವು ಮರೆಸುವ ಅನಿಲ. ನೈಟ್ರೋಜನ್ ಮೊನಾಕ್ಸೈಡ್ ನಮ್ಮ ರಕ್ತನಾಳಗಳಲ್ಲೇ ಹುಟ್ಟಿ ಅವನ್ನು ಸಡಿಲಗೊಳಿಸುತ್ತದೆ; ಈ ಶೋಧಕ್ಕೆ 1998ರ ವೈದ್ಯಕೀಯ ನೊಬೆಲ್ ಸಂದಿತು. ನೈಟ್ರೋಜನ್ ಡೈಆಕ್ಸೈಡ್ ವಾಹನಗಳ ಹೊಗೆಯಲ್ಲಿರುವ, ಶ್ವಾಸಕೋಶವನ್ನು ಸುಡುವ ಕಂದು ಅನಿಲ. ಡೈನೈಟ್ರೋಜನ್ ಟೆಟ್ರಾಕ್ಸೈಡ್ ಇಸ್ರೋದ ವಿಕಾಸ್ ಎಂಜಿನ್ನಿನಲ್ಲಿ ಇಂಧನವನ್ನು ಉರಿಸುತ್ತದೆ. ಧಾತುಗಳು ಅವೇ ಎರಡು. ಎಣಿಕೆ ತಪ್ಪಿದರೆ ವಸ್ತುವೇ ಬೇರೆ.

ಲೋಹ ಮತ್ತು ಅಲೋಹ ಸೇರಿದ ಅಯಾನಿಕ ಸಂಯುಕ್ತದಲ್ಲಿ ಎಣಿಸುವ ಗೋಜಿಲ್ಲ. ಕ್ಯಾಲ್ಸಿಯಂ ಯಾವಾಗಲೂ ಎರಡು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಕ್ಲೋರಿನ್ ಒಂದನ್ನು ಪಡೆಯುತ್ತದೆ. 'ಕ್ಯಾಲ್ಸಿಯಂ ಕ್ಲೋರೈಡ್' ಎಂದರೆ ಸಾಕು, ಕ್ಲೋರಿನ್ ಎರಡಿದೆ ಎಂಬುದು ತಾನೇ ತಿಳಿಯುತ್ತದೆ. ತೊಡಕು ಬರುವುದು ಕಬ್ಬಿಣ, ತಾಮ್ರ, ಪಾದರಸಗಳಲ್ಲಿ. ಕಬ್ಬಿಣ ಎರಡನ್ನೂ ಬಿಡಬಹುದು, ಮೂರನ್ನೂ ಬಿಡಬಹುದು. ಹಳಬರು ಇವನ್ನು ಫೆರಸ್, ಫೆರಿಕ್ ಎಂದು ಬೇರ್ಪಡಿಸಿದರು. ಜರ್ಮನಿಯ ಆಲ್‌ಫ್ರೆಡ್ ಸ್ಟಾಕ್ 1919ರಲ್ಲಿ ಲೋಹದ ಹೆಸರಿನ ಪಕ್ಕದಲ್ಲೇ, ಅದು ಬಿಟ್ಟ ಎಲೆಕ್ಟ್ರಾನುಗಳೆಷ್ಟು ಎಂದು ಅಂಕಿಯಲ್ಲಿ ಬರೆಯುವ ಸುಲಭದ ದಾರಿ ತೋರಿಸಿದ. ತನ್ನ ಪ್ರಯೋಗಾಲಯದ ಪಾದರಸದ ಆವಿಯಿಂದಲೇ ಕಾಯಿಲೆ ಬಿದ್ದು, ಆ ಅಪಾಯದ ಬಗ್ಗೆ ಲೋಕಕ್ಕೆ ಎಚ್ಚರಿಕೆ ಕೊಟ್ಟವನೂ ಇವನೇ.

ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಮಾತ್ರೆಗಳ ಹಾಳೆಯ ಮೇಲೆ ಸಾಮಾನ್ಯವಾಗಿ 'ಫೆರಸ್ ಸಲ್ಫೇಟ್' ಎಂದಿರುತ್ತದೆ. ನಮ್ಮ ಕರುಳು ಚೆನ್ನಾಗಿ ಹೀರಿಕೊಳ್ಳುವುದು ಎರಡು ಎಲೆಕ್ಟ್ರಾನ್ ಬಿಟ್ಟ ಈ ಕಬ್ಬಿಣವನ್ನು. ರಸಾಯನಶಾಸ್ತ್ರದ ಮೇಷ್ಟ್ರುಗಳು ಹೆಸರುಗಳ ಪಟ್ಟಿಯನ್ನು ಉರುಹೊಡೆಸುವ ಮೊದಲು, ಮಾತ್ರೆ ಮುಗಿದ ಅಂಥದೊಂದು ಹಾಳೆಯನ್ನು ತಂದು ಮಕ್ಕಳ ಕೈಯಲ್ಲಿ ಓದಿಸಲಿ.