ತಲುಪದ ಪತ್ರದ ಜಾಡು ಹಿಡಿದು



ಕಾಲೇಜಿನ ಪ್ರವೇಶ, ವಿದ್ಯಾರ್ಥಿವೇತನ, ಪರೀಕ್ಷೆಯ ಹಾಲ್ ಟಿಕೆಟ್, ಮೊದಲ ಕೆಲಸದ ಸಂದರ್ಶನ, ಇವುಗಳ ಸುದ್ದಿ ಇಂದು ನಿಮ್ಮನ್ನು ಮುಟ್ಟುವುದು ಹೆಚ್ಚಾಗಿ ವಿದ್ಯುನ್ಮಾನ ಅಂಚೆಯ ಮೂಲಕ, ಅಂದರೆ ಇ-ಮೇಲ್ ಮೂಲಕ. ಪತ್ರ ಕಳುಹಿಸಿದ್ದೇವೆ ಎಂದು ಕಚೇರಿಯವರು ಹೇಳುತ್ತಾರೆ. ಬಂದಿಲ್ಲ ಎಂದು ನೀವು ಹೇಳುತ್ತೀರಿ. ಇಬ್ಬರ ಮಾತೂ ನಿಜವಾಗಿರಬಹುದು. ಹಾಗಾದರೆ ಪತ್ರ ಎಲ್ಲಿ ಹೋಯಿತು? ಇದನ್ನು ತಿಳಿಯಬೇಕಾದರೆ ಕಳುಹಿಸುವವರಿಗೂ ಪಡೆಯುವವರಿಗೂ ನಡುವೆ ಕುಳಿತು ಕೆಲಸ ಮಾಡುವ ಮೇಲ್ ಸರ್ವರ್ ಎಂಬ ಕಂಪ್ಯೂಟರಿನ ಪರಿಚಯ ಮಾಡಿಕೊಳ್ಳಬೇಕು.

ಪತ್ರದ ಹಾದಿ

1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಅರ್ಪಾನೆಟ್ ಎಂಬ ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳುಹಿಸಿ ತೋರಿಸಿದರು. ವ್ಯಕ್ತಿಯ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು 'ಆ್ಯಟ್' ಚಿಹ್ನೆಯನ್ನು ಆರಿಸಿಕೊಂಡವರೂ ಅವರೇ. ಇಂದಿಗೂ ವಿಳಾಸದಲ್ಲಿ ಆ ಚಿಹ್ನೆಯ ಬಲಗಡೆ ಇರುವುದು ಊರು ಇದ್ದಂತೆ, ಎಡಗಡೆ ಇರುವುದು ಮನೆ ಇದ್ದಂತೆ.

ಧಾರವಾಡದ ವಿದ್ಯಾರ್ಥಿನಿಯೊಬ್ಬಳು ಮೈಸೂರಿನ ಕಾಲೇಜೊಂದಕ್ಕೆ ಪತ್ರ ಬರೆದಳು ಎಂದಿಟ್ಟುಕೊಳ್ಳಿ. ಅವಳ ಪತ್ರ ನೇರವಾಗಿ ಮೈಸೂರಿಗೆ ಹೋಗುವುದಿಲ್ಲ. ಮೊದಲು ಅವಳ ಖಾತೆ ಇರುವ ಸರ್ವರಿಗೆ ಹೋಗುತ್ತದೆ. ಈ ಕೆಲಸಕ್ಕೆ ಸರ್ವರಿನಲ್ಲಿ 587 ಅಥವಾ 465 ಎಂಬ ಸಂಖ್ಯೆಯ ಬಾಗಿಲು, ಅಂದರೆ ಪೋರ್ಟ್, ಮೀಸಲಾಗಿದೆ. ಆ ಸರ್ವರ್ ವಿಳಾಸದ ಬಲಭಾಗವನ್ನು ಮಾತ್ರ ನೋಡುತ್ತದೆ. "ಈ ಹೆಸರಿನ ಅಂಚೆಯನ್ನು ಯಾರು ಪಡೆಯುತ್ತಾರೆ?" ಎಂದು ಡಿಎನ್‌ಎಸ್ ಎಂಬ ಜಾಲದ ವಿಳಾಸ ಪಟ್ಟಿಯನ್ನು ಕೇಳುತ್ತದೆ. ಪಟ್ಟಿಯಲ್ಲಿ ಇದಕ್ಕೆಂದೇ ಇರುವ ದಾಖಲೆಯ ಹೆಸರು ಎಂಎಕ್ಸ್. ಉತ್ತರ ಸಿಕ್ಕ ಮೇಲೆ ಕಾಲೇಜಿನ ಸರ್ವರಿನ 25ನೆಯ ಪೋರ್ಟನ್ನು ತಟ್ಟಿ ಪತ್ರವನ್ನು ಒಪ್ಪಿಸುತ್ತದೆ. ಕಾಲೇಜಿನ ಗುಮಾಸ್ತರು ಅದನ್ನು ತಮ್ಮ ಪೆಟ್ಟಿಗೆಯಿಂದ ತೆಗೆದು ಓದುವುದು ಐಮ್ಯಾಪ್ ಎಂಬ ಬೇರೊಂದು ಪದ್ಧತಿಯಿಂದ, 993ನೆಯ ಪೋರ್ಟಿನ ಮೂಲಕ.

ಸರ್ವರಿನೊಳಗೂ ಕೆಲಸ ಹಂಚಿಕೆಯಾಗಿದೆ. 1998ರಲ್ಲಿ ಬಿಡುಗಡೆಯಾದ, ವೀಟ್ಸ ವೆನೆಮಾ ಬರೆದ ಪೋಸ್ಟ್‌ಫಿಕ್ಸ್ ಪತ್ರಗಳನ್ನು ಸಾಗಿಸುವ ತಂತ್ರಾಂಶ. 2002ರಲ್ಲಿ ಬಂದ ಡವ್‌ಕಾಟ್ ಪೆಟ್ಟಿಗೆಗಳನ್ನು ಕಾಯುವ ತಂತ್ರಾಂಶ. ಎರಡೂ ಉಚಿತವಾಗಿ ದೊರೆಯುತ್ತವೆ.

ಇವುಗಳನ್ನು ಅಣಿಗೊಳಿಸುವಾಗ ಮುಖ್ಯವಾಗಿ ನಾಲ್ಕು ಸಂಗತಿಗಳನ್ನು ತಿಳಿಸಬೇಕು. ನಿನ್ನ ಹೆಸರೇನು? ಯಾವ ವಿಳಾಸಗಳ ಪತ್ರ ನಿನ್ನದು? ನಿನ್ನ ಮೂಲಕ ಹೊರಗೆ ಪತ್ರ ಕಳುಹಿಸುವ ಹಕ್ಕು ಯಾರಿಗೆ? ನಿನ್ನ ಗುರುತಿನ ಪ್ರಮಾಣಪತ್ರ ಎಲ್ಲಿದೆ? ಮೇಲ್ ಸರ್ವರಿನ ಹೆಚ್ಚಿನ ತೊಂದರೆಗಳು ಈ ನಾಲ್ಕರಲ್ಲಿ ಒಂದಕ್ಕೆ ತಪ್ಪು ಉತ್ತರ ಕೊಟ್ಟಿದ್ದರಿಂದಲೇ ಹುಟ್ಟುತ್ತವೆ.

ಎರಡು ಯಂತ್ರಗಳ ಮಾತುಕತೆ

ಸರ್ವರುಗಳು ತಮ್ಮತಮ್ಮಲ್ಲಿ ಆಡುವ ಭಾಷೆಗೆ ಎಸ್‌ಎಂಟಿಪಿ ಎಂದು ಹೆಸರು. ಇದರ ನಿಯಮಗಳನ್ನು 1982ರಲ್ಲಿ ಜಾನ್ ಪೋಸ್ಟೆಲ್ ಪ್ರಕಟಿಸಿದರು. ಮಾತುಕತೆ ಬಹಳ ಸರಳ. ಬಾಗಿಲು ತಟ್ಟಿದೊಡನೆ ಪಡೆಯುವ ಸರ್ವರ್ 220 ಎನ್ನುತ್ತದೆ, ಅಂದರೆ "ಸಿದ್ಧವಿದ್ದೇನೆ". ಕಳುಹಿಸುವ ಸರ್ವರ್ ತನ್ನ ಹೆಸರು ಹೇಳುತ್ತದೆ. ನಂತರ ಪತ್ರ ಯಾರಿಂದ, ಯಾರಿಗೆ ಎಂದು ತಿಳಿಸುತ್ತದೆ. ಒಪ್ಪಿಗೆಯಾದಂತೆಲ್ಲ 250 ಎಂಬ ಉತ್ತರ ಬರುತ್ತದೆ. 354 ಎಂದರೆ "ಇನ್ನು ಪತ್ರ ಓದು". ಪತ್ರ ಮುಗಿಯಿತು ಎನ್ನಲು ಒಂದು ಸಾಲಿನಲ್ಲಿ ಒಂದೇ ಒಂದು ಚುಕ್ಕೆ. ಅದಕ್ಕೂ 250 ಎಂಬ ಉತ್ತರ ಬಂದರೆ ವ್ಯವಹಾರ ಮುಗಿದಂತೆ.

ಈ ಕೊನೆಯ 250 ರಸೀದಿ ಇದ್ದಂತೆ. ಅದನ್ನು ಕೊಟ್ಟ ಕ್ಷಣದಿಂದ ಪತ್ರದ ಹೊಣೆ ಪಡೆದ ಸರ್ವರಿನದು. 4ರಿಂದ ಆರಂಭವಾಗುವ ಉತ್ತರ ಬಂದರೆ "ಈಗ ಆಗದು, ಮತ್ತೆ ಬಾ" ಎಂದು ಅರ್ಥ. ಪತ್ರ ಸರದಿಯಲ್ಲಿ ಕಾಯುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಪೋಸ್ಟ್‌ಫಿಕ್ಸ್ 5 ದಿನಗಳ ಕಾಲ ಮತ್ತೆ ಮತ್ತೆ ಯತ್ನಿಸುತ್ತದೆ. 5ರಿಂದ ಆರಂಭವಾದರೆ "ಖಂಡಿತ ಆಗದು" ಎಂದು ಅರ್ಥ. ಪತ್ರ ಕಳುಹಿಸಿದವರಿಗೆ ಹಿಂದಿರುಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸರ್ವರುಗಳು ಪರಸ್ಪರ ಹೇಳಿಕೊಳ್ಳುವ ವಿಳಾಸ ಲಕೋಟೆಯ ಮೇಲಿನದು. ನಿಮಗೆ ಪರದೆಯಲ್ಲಿ ಕಾಣುವ "ಇಂದ" ಎಂಬ ಸಾಲು ಪತ್ರದ ಒಳಗಿನದು. ಎರಡೂ ಒಂದೇ ಆಗಿರಬೇಕೆಂದು ಮೂಲ ನಿಯಮದಲ್ಲಿ ಇಲ್ಲ. ಪತ್ರದ ಕೆಳಗೆ ಯಾರು ಯಾರ ಹೆಸರನ್ನಾದರೂ ಬರೆಯಬಹುದಲ್ಲವೇ? ಮೋಸದ ಇ-ಮೇಲ್‌ಗಳ ಬೇರು ಇರುವುದು ಇಲ್ಲಿಯೇ.

ಗುರುತು ಹೇಳಿ ಒಳಗೆ ಬನ್ನಿ

ಆರಂಭದ ದಿನಗಳಲ್ಲಿ ಈ ಜಾಲವನ್ನು ಬಳಸುತ್ತಿದ್ದವರು ಸಂಶೋಧಕರು. ನಮ್ಮ ದೇಶದಲ್ಲಿಯೂ 1986ರಲ್ಲಿ ಆರಂಭವಾದ ಅರ್ನೆಟ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದಂತೆ ಕೆಲವೇ ವಿದ್ಯಾಸಂಸ್ಥೆಗಳ ಬಳಗವಾಗಿತ್ತು. ಅಪರಿಚಿತರಿಲ್ಲದ ಕಡೆ ಬಾಗಿಲಿಗೆ ಬೀಗ ಯಾಕೆ? ಆಗ ಯಾರು ಯಾರ ಪತ್ರ ತಂದುಕೊಟ್ಟರೂ ಸರ್ವರುಗಳು ಮುಂದಕ್ಕೆ ಸಾಗಿಸುತ್ತಿದ್ದವು. ಹೀಗೆ ಎಲ್ಲರಿಗೂ ತೆರೆದ ಸರ್ವರಿಗೆ ಓಪನ್ ರಿಲೇ ಎನ್ನುತ್ತಾರೆ. ಜಾಲ ವಾಣಿಜ್ಯಕ್ಕೆ ತೆರೆದ ಮೇಲೆ ಜಾಹೀರಾತು ಹಂಚುವವರು ಈ ಔದಾರ್ಯವನ್ನು ದುರುಪಯೋಗಪಡಿಸಿಕೊಂಡರು.

ಆದ್ದರಿಂದ ಇಂದಿನ ನಿಯಮ ಹೀಗಿದೆ: ನನ್ನ ಊರಿಗೆ ಬಂದ ಪತ್ರವನ್ನು ಯಾರಿಂದಲಾದರೂ ಪಡೆಯುತ್ತೇನೆ, ಹೊರ ಊರಿಗೆ ಹೋಗುವ ಪತ್ರವನ್ನು ಹೆಸರು ಮತ್ತು ಪಾಸ್‌ವರ್ಡ್ ಹೇಳಿದವರಿಂದ ಮಾತ್ರ ಪಡೆಯುತ್ತೇನೆ. ಇದೇ ಗುರುತಿನ ದೃಢೀಕರಣ. ಪಾಸ್‌ವರ್ಡ್ ತಪ್ಪಿದರೆ 535 ಎಂಬ ಉತ್ತರ ಬರುತ್ತದೆ. "ನಂಬಿಕಸ್ಥ ಯಂತ್ರಗಳು" ಎಂಬ ಪಟ್ಟಿಯಲ್ಲಿ ಇಡೀ ಜಗತ್ತನ್ನು ಸೇರಿಸಿಬಿಟ್ಟರೆ ದೃಢೀಕರಣ ಇದ್ದೂ ಇಲ್ಲದಂತೆ. ಅಂಥ ಸರ್ವರ್ ಬೇಗನೆ ಕಪ್ಪುಪಟ್ಟಿ ಸೇರುತ್ತದೆ. ಆಗ ಅದರಿಂದ ಹೊರಟ ಪ್ರಾಮಾಣಿಕರ ಪತ್ರಗಳನ್ನೂ ಯಾರೂ ಮುಟ್ಟುವುದಿಲ್ಲ.

ಪೋಸ್ಟ್‌ಕಾರ್ಡಿನಿಂದ ಮುಚ್ಚಿದ ಲಕೋಟೆಗೆ

ಎಸ್‌ಎಂಟಿಪಿಯ ಮೂಲರೂಪದಲ್ಲಿ ಪತ್ರಗಳು ಪೋಸ್ಟ್‌ಕಾರ್ಡಿನಂತೆ ತೆರೆದೇ ಸಾಗುತ್ತಿದ್ದವು. ದಾರಿಯಲ್ಲಿ ತಂತಿಗೆ ಕಿವಿಗೊಟ್ಟವರಿಗೆಲ್ಲ ಅವು ಓದಲು ಸಿಗುತ್ತಿದ್ದವು. 1999ರಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಎಂಬ ಆದೇಶ ನಿಯಮಕ್ಕೆ ಸೇರಿತು. "ಇನ್ನು ಮುಂದೆ ಗೂಢಲಿಪಿಯಲ್ಲಿ ಮಾತನಾಡೋಣ" ಎಂದು ಎರಡು ಸರ್ವರುಗಳು ಒಪ್ಪಿಕೊಳ್ಳುವ ಕ್ರಮ ಇದು. ಎದುರಿಗಿರುವ ಯಂತ್ರ ತಾನು ಹೇಳಿಕೊಂಡಂತೆಯೇ ಇದೆಯೇ ಎಂದು ತಿಳಿಯಲು ಪ್ರಮಾಣಪತ್ರ ಬೇಕು.

ಈ ಪ್ರಮಾಣಪತ್ರಕ್ಕೆ ಆಯಸ್ಸು ಉಂಟು. ಉಚಿತವಾಗಿ ದೊರೆಯುವವುಗಳ ಆಯಸ್ಸು 90 ದಿನ ಅಥವಾ ಅದಕ್ಕೂ ಕಡಿಮೆ. ನಿನ್ನೆಯವರೆಗೆ ಚೆನ್ನಾಗಿದ್ದ ಸರ್ವರ್ ಇಂದು ಬೆಳಿಗ್ಗೆ ಎಲ್ಲರಿಗೂ ಒಟ್ಟಿಗೇ ಕೈಕೊಟ್ಟರೆ ಮೊದಲು ನೋಡಬೇಕಾದದ್ದು ಇದರ ಗಡುವನ್ನು.

ಇನ್ನೊಂದು ಮಾತು. ಈ ಗೂಢಲಿಪಿ ದಾರಿಗೆ ಮಾತ್ರ. ಪ್ರತಿ ಸರ್ವರಿನಲ್ಲಿಯೂ ಲಕೋಟೆ ಬಿಚ್ಚಿಕೊಳ್ಳುತ್ತದೆ. ಮುಂದಿನ ದಾರಿಗೆ ಮತ್ತೆ ಮುಚ್ಚಿಕೊಳ್ಳುತ್ತದೆ. ಬರೆದವರು ಮತ್ತು ಓದುವವರ ಹೊರತು ಇನ್ನಾರಿಗೂ ತಿಳಿಯಬಾರದೆಂದಾದರೆ ಪತ್ರವನ್ನೇ ಗೂಢಲಿಪಿಗೆ ತಿರುಗಿಸಬೇಕು. ಫಿಲ್ ಜಿಮ್ಮರ್‌ಮನ್ 1991ರಲ್ಲಿ ಹೊರತಂದ ಪಿಜಿಪಿ ಅಂಥ ಸಾಧನ.

ಕಸ ಯಾವುದು, ಕಾಳು ಯಾವುದು?

1978ರಲ್ಲಿ ಅಮೆರಿಕದ ಕಂಪ್ಯೂಟರ್ ಕಂಪನಿಯೊಂದರ ಮಾರಾಟಗಾರ ಗ್ಯಾರಿ ಥರ್ಕ್ ತಮ್ಮ ಯಂತ್ರಗಳ ಪ್ರದರ್ಶನಕ್ಕೆ ಬನ್ನಿರೆಂದು ಅರ್ಪಾನೆಟ್‌ನ ಸುಮಾರು 400 ಜನರಿಗೆ ಒಂದೇ ಪತ್ರ ಕಳುಹಿಸಿದರು. ಕೇಳದೆಯೇ ಬಂದು ಬೀಳುವ ಸ್ಪ್ಯಾಮ್ ಪತ್ರಗಳ ಮೊದಲಿಗ ಎಂದು ಅದನ್ನು ಗುರುತಿಸುತ್ತಾರೆ.

ಸ್ಪ್ಯಾಮ್ ತಡೆಯಲು ಎರಡು ದಾರಿಗಳಿವೆ. ಮೊದಲನೆಯದು ಕಳುಹಿಸಿದವರನ್ನು ಪರೀಕ್ಷಿಸುವುದು. ಇದಕ್ಕೆ ಮೂರು ದಾಖಲೆಗಳನ್ನು ಡಿಎನ್‌ಎಸ್ ಪಟ್ಟಿಯಲ್ಲಿ ಹಾಕುತ್ತಾರೆ. ನನ್ನ ಹೆಸರಿನ ಲಕೋಟೆಗಳು ಇಂಥ ಯಂತ್ರಗಳಿಂದ ಮಾತ್ರ ಹೊರಡುತ್ತವೆ ಎಂದು ಸಾರುವುದು ಎಸ್‌ಪಿಎಫ್. ಪತ್ರದ ಮೇಲೆ ಗಣಿತದ ಅರಗಿನ ಮುದ್ರೆ ಒತ್ತುವುದು ಡಿಕೆಐಎಂ; ಮುದ್ರೆಯ ಅಸಲಿತನವನ್ನು ಪರೀಕ್ಷಿಸುವ ಬೀಗದಕೈ ಮಾತ್ರ ಪಟ್ಟಿಯಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ. ಓದುಗನಿಗೆ ಕಾಣುವ "ಇಂದ" ಎಂಬ ಸಾಲಿಗೂ ಇವೆರಡಕ್ಕೂ ತಾಳೆ ಹಾಕಿ, ತಾಳೆಯಾಗದಿದ್ದರೆ ಏನು ಮಾಡಬೇಕೆಂದು ತಿಳಿಸುವುದು ಡಿಮಾರ್ಕ್. ಸುಮ್ಮನೆ ಬಿಡಬಹುದು, ಬೇರೆ ಇಡಬಹುದು, ತಿರಸ್ಕರಿಸಬಹುದು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ರಾಶಿ ಪತ್ರ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿದವು.

ಎರಡನೆಯ ದಾರಿ ಪತ್ರದ ಒಳಗನ್ನು ಪರೀಕ್ಷಿಸುವುದು. ಇಲ್ಲಿ ನೀವು ಕಲಿಯುವ ಸಂಭವನೀಯತೆಯ ಗಣಿತ ನೆರವಿಗೆ ಬರುತ್ತದೆ. "ಲಾಟರಿ" ಎಂಬ ಪದ 100 ಸ್ಪ್ಯಾಮ್ ಪತ್ರಗಳಲ್ಲಿ 40ರಲ್ಲಿಯೂ, 100 ಒಳ್ಳೆಯ ಪತ್ರಗಳಲ್ಲಿ 1ರಲ್ಲಿಯೂ ಇದೆ ಎಂದಿಟ್ಟುಕೊಳ್ಳೋಣ. ಎರಡೂ ಬಗೆಯ ಪತ್ರಗಳು ಸಮಸಂಖ್ಯೆಯಲ್ಲಿ ಬರುವುದಾದರೆ, ಆ ಪದವಿರುವ ಹೊಸ ಪತ್ರ ಸ್ಪ್ಯಾಮ್ ಆಗಿರುವ ಸಂಭವನೀಯತೆ 41ರಲ್ಲಿ 40, ಅಂದರೆ ಸುಮಾರು ಶೇಕಡಾ 97.6. ಹೀಗೆ ಅನೇಕ ಪದಗಳ ಸಾಕ್ಷ್ಯವನ್ನು ಒಟ್ಟುಗೂಡಿಸಿ ತೀರ್ಪು ಕೊಡುವ ಕ್ರಮಕ್ಕೆ ಅಡಿಪಾಯ 18ನೆಯ ಶತಮಾನದ ಥಾಮಸ್ ಬೇಯ್ಸ್ ಅವರ ಪ್ರಮೇಯ. 2002ರಲ್ಲಿ ಪಾಲ್ ಗ್ರಹಾಂ ಬರೆದ ಲೇಖನದಿಂದ ಇದು ಜನಪ್ರಿಯವಾಯಿತು.

ಆದರೆ ಶೇಕಡಾ 97.6 ಎಂದರೆ ನೂರಲ್ಲ. ಜರಡಿಯಲ್ಲಿ ಎರಡು ಬಗೆಯ ತಪ್ಪು ಸಾಧ್ಯ. ಕಸ ಒಳಗೆ ಬಂದರೆ ಅಳಿಸಿಹಾಕುತ್ತೇವೆ. ಒಂದು ಕ್ಷಣದ ಕೆಲಸ. ಕಾಳು ಹೊರಗೆ ಹೋದರೆ? ವಿದ್ಯಾರ್ಥಿವೇತನದ ಪತ್ರದಲ್ಲಿಯೂ ಹಣ, ಬ್ಯಾಂಕ್, ಕೊನೆಯ ದಿನಾಂಕ ಎಂಬ ಮಾತುಗಳಿರುತ್ತವೆ. ಆ ಪತ್ರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದು ಗಡುವು ಮೀರಿದರೆ ಒಬ್ಬರ ಒಂದು ವರ್ಷವೇ ಹೋಗಬಹುದು. ಆದುದರಿಂದ ಜರಡಿಯ ಕಣ್ಣನ್ನು ತೀರಾ ಚಿಕ್ಕದಾಗಿ ಇಡಬಾರದು. ಅನುಮಾನದ ಪತ್ರವನ್ನು ಸದ್ದಿಲ್ಲದೆ ನಾಶಮಾಡಲೂಬಾರದು.

ಕೆಟ್ಟದ್ದು ಎಲ್ಲಿ?

ಟಿವಿ ಕೇಂದ್ರದಲ್ಲಿ ಚಿತ್ರ ನಿಂತುಹೋದರೆ ನಾವು ಕ್ಯಾಮೆರಾ, ಸ್ವಿಚರ್, ಲಿಂಕ್, ಟ್ರಾನ್ಸ್‌ಮಿಟರ್ ಎಂದು ಸರಪಳಿಯ ಒಂದೊಂದೇ ಕೊಂಡಿಯನ್ನು ನೋಡುತ್ತಾ ಹೋಗುತ್ತೇವೆ. ಎಲ್ಲಿಯವರೆಗೆ ಸರಿಯಾಗಿದೆಯೆಂದು ತಿಳಿದರೆ ದೋಷ ಅದರ ಮುಂದಿದೆ ಎಂದಾಯಿತು. ಮೇಲ್ ಸರ್ವರಿಗೂ ಇದೇ ಕ್ರಮ. ಎಂಎಕ್ಸ್ ದಾಖಲೆ ಸರಿಯಿದೆಯೇ? 25ನೆಯ ಪೋರ್ಟ್ ತೆರೆಯುತ್ತದೆಯೇ? ಸರದಿಯಲ್ಲಿ ಪತ್ರ ನಿಂತಿದೆಯೇ? ಡಿಸ್ಕ್ ತುಂಬಿದೆಯೇ? ಸರ್ವರ್ ಬರೆದಿಡುವ ದಿನಚರಿ, ಅಂದರೆ ಲಾಗ್, ಯಾವ ಸಂಖ್ಯೆಯನ್ನು ತೋರಿಸುತ್ತಿದೆ? ಊಹಿಸುವ ಮೊದಲು ಲಾಗ್ ಓದಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು.

1990ರ ದಶಕದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ವಿಶ್ವವಿದ್ಯಾಲಯವೊಂದರಲ್ಲಿ ನಡೆದ ಪ್ರಸಂಗ ಇದಕ್ಕೆ ಒಳ್ಳೆಯ ನಿದರ್ಶನ. ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದವರೇ ಇದನ್ನು 2002ರಲ್ಲಿ ಬರೆದರು. ಸ್ವಾರಸ್ಯಕ್ಕಾಗಿ ಕೆಲವು ವಿವರಗಳನ್ನು ಬದಲಿಸಿರುವುದಾಗಿ ಅವರೇ ಹೇಳಿದ್ದಾರೆ. ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು ಒಂದು ದಿನ ದೂರು ಕೊಟ್ಟರು: "ನಮ್ಮ ಪತ್ರಗಳು 500 ಮೈಲಿಗಿಂತ ಹೆಚ್ಚು ದೂರ ಹೋಗುತ್ತಿಲ್ಲ". ಇ-ಮೇಲ್‌ಗೆ ಮೈಲಿಯ ಲೆಕ್ಕವೆಲ್ಲಿ? ನಂಬದೆ ಪರೀಕ್ಷಿಸಿದರೆ ಹತ್ತಿರದ ಅಟ್ಲಾಂಟಾ, ವಾಷಿಂಗ್ಟನ್‌ಗಳಿಗೆ ಪತ್ರ ಹೋಗುತ್ತಿತ್ತು. 600 ಮೈಲಿ ದೂರದ ಮೆಂಫಿಸ್‌ಗೆ ಹೋಗುತ್ತಿರಲಿಲ್ಲ.

ಕಾರಣ ಹೀಗಿತ್ತು. ಕಂಪ್ಯೂಟರಿನ ವ್ಯವಸ್ಥೆಯನ್ನು ನವೀಕರಿಸುವಾಗ ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶದ ಹಳೆಯ ಆವೃತ್ತಿ ಬಂದು ಕುಳಿತಿತ್ತು. ಹೊಸ ಆವೃತ್ತಿಗೆ ಬರೆದಿದ್ದ ಸೂಚನೆಗಳು ಅದಕ್ಕೆ ಅರ್ಥವಾಗದೆ, ಎದುರಿನ ಸರ್ವರಿಗೆ ಎಷ್ಟು ಹೊತ್ತು ಕಾಯಬೇಕೆಂಬ ಸಂಖ್ಯೆ ಸೊನ್ನೆಯಾಗಿತ್ತು. ಸೊನ್ನೆ ಎಂದರೂ ಆ ಯಂತ್ರ ಸುಮಾರು 3 ಮಿಲಿಸೆಕೆಂಡ್ ಕಾದು ಕೈಬಿಡುತ್ತಿತ್ತು. ಬೆಳಕು ನಿರ್ವಾತದಲ್ಲಿ 3 ಮಿಲಿಸೆಕೆಂಡಿನಲ್ಲಿ ಕ್ರಮಿಸುವ ದೂರ ಸುಮಾರು 900 ಕಿಲೋಮೀಟರ್, ಅಂದರೆ ಸುಮಾರು 559 ಮೈಲಿ! ತಂತಿಯ ವೇಗ, ಹೋಗಿಬರುವ ದಾರಿ ಎಲ್ಲವನ್ನೂ ಹಿಡಿದರೆ ಲೆಕ್ಕ ಇಷ್ಟು ಚೊಕ್ಕವಾಗಿ ನಿಲ್ಲುವುದಿಲ್ಲ. ಆದರೆ ದೂರು ಕೊಟ್ಟವರು ಅಂಕಿಅಂಶ ಸಂಗ್ರಹಿಸಿದ್ದರು. ಕೇಳಿದವರು ನಗದೆ ಅಳೆದು ನೋಡಿದರು. ದೋಷ ಸಿಕ್ಕಿದ್ದು ಅದರಿಂದ.

ನೀವೇ ಮಾಡಿ ನೋಡಿ

ನಿಮಗೆ ಬಂದ ಯಾವುದಾದರೂ ಇ-ಮೇಲ್ ತೆರೆದು, ಅದರ ಮೂಲರೂಪವನ್ನು ತೋರಿಸುವ ಆಯ್ಕೆಯನ್ನು ಒತ್ತಿರಿ. "ರಿಸೀವ್ಡ್" ಎಂದು ಆರಂಭವಾಗುವ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿರಿ. ಅಂಚೆಯ ಠಸ್ಸೆಗಳಂತೆ ಅವು ಪತ್ರ ಹಾದುಬಂದ ಸರ್ವರುಗಳನ್ನೂ ವೇಳೆಯನ್ನೂ ತೋರಿಸುತ್ತವೆ. ಕೆಳಗಿನ ಸಾಲುಗಳನ್ನು ಮೋಸಗಾರರು ತಾವೇ ಬರೆದಿರಲೂಬಹುದು. ನಿಮ್ಮ ಸ್ವಂತ ಸರ್ವರ್ ಬರೆದ ಮೇಲಿನ ಸಾಲುಗಳನ್ನು ನಂಬಬಹುದು. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಇವುಗಳ ಮುಂದೆ "ಪಾಸ್" ಎಂದಿದೆಯೇ ನೋಡಿರಿ. ಪ್ರಾಂಶುಪಾಲರ ಹೆಸರಿನಲ್ಲಿ ಹಣ ಕೇಳುವ ಪತ್ರ ಬಂದಾಗ ಈ ಮೂರು ಸಾಲುಗಳು ನಿಮ್ಮ ನೆರವಿಗೆ ಬರುತ್ತವೆ. ಆದರೆ "ಪಾಸ್" ಎಂಬುದು ವಿಳಾಸ ಅಸಲಿ ಎಂಬುದಕ್ಕೆ ಸಾಕ್ಷಿಯೇ ಹೊರತು ಬರೆದವರು ಸಜ್ಜನರು ಎಂಬುದಕ್ಕಲ್ಲ. ಆ ತೀರ್ಮಾನವನ್ನು ಯಾವ ಸರ್ವರೂ ನಿಮ್ಮ ಪರವಾಗಿ ಮಾಡಲಾರದು.