ಹೃದಯ ಶಸ್ತ್ರಚಿಕಿತ್ಸೆಯ ಬಳಿಕ ಕೆಲಸಕ್ಕೆ ಮರಳುವುದು ಯಾವಾಗ?

ಬೈಪಾಸ್ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದವರನ್ನು ಕಾಡುವ ಮೊದಲ ಚಿಂತೆ ದುಡಿಮೆಯದು. ಇದಕ್ಕೆ ಉತ್ತರವಿರುವುದು ಮುಖ್ಯವಾಗಿ ಎದೆಯ ಮೂಳೆಯಲ್ಲಿ. ಚಿಕಿತ್ಸೆಗಾಗಿ ಸೀಳಿದ ಆ ಮೂಳೆಯನ್ನು ಸಾಮಾನ್ಯವಾಗಿ ಉಕ್ಕಿನ ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳಲು 6ರಿಂದ 8 ವಾರ, ಗಟ್ಟಿಯಾಗಲು ಸುಮಾರು 3 ತಿಂಗಳು ಬೇಕು. ಹೊರಗಿನ ಗಾಯ ಮಾಯ್ದ ಮಾತ್ರಕ್ಕೆ ಮೂಳೆ ಕೂಡಿತೆಂದು ಭಾವಿಸಲಾಗದು.

ಆದುದರಿಂದ ಕುಳಿತು ಮಾಡುವ ಕೆಲಸಕ್ಕೆ ಸಾಮಾನ್ಯವಾಗಿ 6ರಿಂದ 8 ವಾರಗಳಲ್ಲಿ ಮರಳಬಹುದು. ಅಡಿಕೆ ಮೂಟೆ ಹೊರುವವರು, ತೋಟದಲ್ಲಿ ಅಗೆಯುವವರು 3 ತಿಂಗಳಾದರೂ ಕಾಯಬೇಕು. ಅಲ್ಲಿಯವರೆಗೆ ತುಂಬಿದ ಕೊಡಪಾನವನ್ನೂ ಎತ್ತಬಾರದು. ವೈದ್ಯರು ಒಪ್ಪುವ ತನಕ ಸ್ಕೂಟರ್ ಓಡಿಸಬಾರದು. ನಿತ್ಯದ ನಡಿಗೆಯನ್ನು ಮಾತ್ರ ಬಿಡದೆ, ದಿನದಿನಕ್ಕೆ ತುಸು ಹೆಚ್ಚಿಸುತ್ತ ಹೋಗಬೇಕು. ಈ ದಿನಗಳಲ್ಲಿ ಮನಸ್ಸು ಕುಗ್ಗುವುದೂ ಸಾಮಾನ್ಯ; ಅದನ್ನು ಸೋಮಾರಿತನವೆಂದು ಹಳಿಯದಿರೋಣ.

ಕಾಸರಗೋಡಿನ ನಮಗೆ ಇನ್ನೊಂದು ತೊಡಕಿದೆ. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದರೆ, ಕನ್ನಡವಷ್ಟೇ ಓದಬಲ್ಲ ಮನೆಯವರು ಅದನ್ನು ಮಕ್ಕಳ ಕೈಗೆ ಕೊಡುತ್ತಾರೆ. ಇಂತಹ ಹೊಣೆ ಮಕ್ಕಳದಾಗಬಾರದು. ಮನೆಗೆ ಹೊರಡುವ ಮುನ್ನವೇ ಮೂರು ಸಂಗತಿಗಳನ್ನು ಕೇಳಿ ಕನ್ನಡದಲ್ಲಿ ಬರೆದುಕೊಳ್ಳೋಣ: ಯಾವ ಮಾತ್ರೆ ಯಾವ ಹೊತ್ತಿಗೆ, ಎಷ್ಟು ಭಾರ ಎತ್ತಬಹುದು, ಏನು ಕಂಡರೆ ತಡಮಾಡದೆ ಮರಳಬೇಕು. ಜ್ವರ, ಗಾಯದಲ್ಲಿ ಕೀವು, ಎದೆಮೂಳೆ ಅಲುಗಾಡಿದಂತೆ ಸದ್ದು, ಎದೆನೋವು, ಏದುಸಿರು ಇವು ಆ ಪಟ್ಟಿಯಲ್ಲಿರಲೇಬೇಕು.